ಮನೆ ಬಾಡಿಗೆಗೆ ಕೊಡುವ ಮುನ್ನ ಸಾಲದ ಲೆಕ್ಕ



ಮಕ್ಕಳ ಕಾಲೇಜಿಗಾಗಿ ಹರಿಹರ ಬಿಟ್ಟು ದಾವಣಗೆರೆಯಲ್ಲಿ ಮನೆ ಮಾಡೋಣ, ಹಳೇ ಮನೆ ಬಾಡಿಗೆಗೆ ಕೊಡೋಣ ಅಂತ ಎಷ್ಟೋ ಕುಟುಂಬಗಳು ಯೋಚಿಸುತ್ತವೆ. ಆಗ ಮೊದಲು ಮಾಡುವ ಕೆಲಸ ಏನು? ಕೈಯಲ್ಲಿದ್ದ ಉಳಿತಾಯದಿಂದ ಹಳೇ ಸಾಲ ತೀರಿಸಿ, ಹೊಸ ಮನೆಗೆ ಹೊಸ ಸಾಲ ತೆಗೆಯುವುದು. ಸಾಲ ತೀರಿಸೋದು ಒಳ್ಳೇದೇ. ಆದರೆ ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು.

ಬಾಡಿಗೆಗೆ ತೆರಿಗೆ ಹೇಗೆ?

ತಿಂಗಳಿಗೆ 8,000 ರೂ. ಬಾಡಿಗೆ ಅಂದರೆ ವರ್ಷಕ್ಕೆ 96,000 ರೂ. ನಾವು ಕಟ್ಟಿದ ಮನೆ ಕಂದಾಯ 3,000 ಕಳೆದರೆ 93,000. ಅದರಲ್ಲಿ ಶೇ. 30 ಅಂದರೆ 27,900 ರೂ. ಬಿಲ್ಲು ತೋರಿಸದಿದ್ದರೂ ಕಳೆಯುತ್ತಾರೆ. ಉಳಿದದ್ದು 65,100. ಆ ಮನೆಯ ಸಾಲದ ಬಡ್ಡಿ 60,000 ಇದ್ದರೆ ಅದನ್ನೂ ಕಳೆಯಬಹುದು. ಆದಾಯಕ್ಕೆ ಸೇರುವುದು 5,100 ಮಾತ್ರ.

ಎರಡು ದಾರಿ

ಹಳೇ ಸಾಲ 6 ಲಕ್ಷ ಬಾಕಿ, ಕೈಯಲ್ಲಿ 6 ಲಕ್ಷ ಉಳಿತಾಯ ಇದೆ ಎನ್ನೋಣ.

1. ಹಳೇ ಸಾಲ ತೀರಿಸಿ, ಹೊಸ ಮನೆಗೆ 6 ಲಕ್ಷ ಸಾಲ ತೆಗೆದರೆ, ಬಡ್ಡಿ ನಾವು ವಾಸಿಸುವ ಮನೆಯದ್ದು. ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೆ ವಿನಾಯಿತಿ ಇಲ್ಲ. ಹಳೇ ಪದ್ಧತಿಯಲ್ಲಿ ಷರತ್ತಿನೊಂದಿಗೆ 2 ಲಕ್ಷದವರೆಗೆ ಇದೆ.
2. ಉಳಿತಾಯವನ್ನು ಹೊಸ ಮನೆಗೆ ಹಾಕಿ ಹಳೇ ಸಾಲ ಮುಂದುವರಿಸಿದರೆ, ಬಡ್ಡಿ ಬಾಡಿಗೆಯಲ್ಲಿ ಕಳೆಯುತ್ತದೆ.

ಎರಡರಲ್ಲೂ ಸಾಲ 6 ಲಕ್ಷವೇ. ಎರಡನೇ ದಾರಿಯಲ್ಲಿ ಹೊಸ ಸಾಲದ ಓಡಾಟ, ಶುಲ್ಕ ಕೂಡ ಇಲ್ಲ. ಮನೆ, ಸಾಲ ಎರಡೂ ಯಜಮಾನರ ಹೆಸರಲ್ಲಿದ್ದು, ಹೊಸ ಪದ್ಧತಿಯಲ್ಲಿ ಅವರ ತೆರಿಗೆಯ ಆದಾಯ 13 ಲಕ್ಷ ಇದ್ದರೆ, ಎರಡನೇ ದಾರಿಯಲ್ಲಿ ವರ್ಷಕ್ಕೆ 9,360 ರೂ. ಉಳಿಯುತ್ತದೆ.

ನೆನಪಿಡಿ: ಯಾವ ಮನೆಯ ಪತ್ರ ಅಡವಿಟ್ಟಿರಿ ಅನ್ನುವುದು ಮುಖ್ಯವಲ್ಲ, ಸಾಲದ ಹಣ ಎಲ್ಲಿಗೆ ಹೋಯಿತು ಅನ್ನುವುದೇ ಮುಖ್ಯ. ಬಾಡಿಗೆ ಮನೆ ಅಡವಿಟ್ಟು ಮಗಳ ಮದುವೆ ಮಾಡಿದರೆ ಆ ಬಡ್ಡಿ ಬಾಡಿಗೆಯಲ್ಲಿ ಕಳೆಯುವುದಿಲ್ಲ. ಸಂಘದ ಸಾಲದಿಂದ ಬಾಡಿಗೆ ಮನೆ ರಿಪೇರಿ ಮಾಡಿಸಿದರೆ, ಪುರಾವೆ ಇದ್ದಲ್ಲಿ, ಕಳೆಯುತ್ತದೆ.

ಎಲ್ಲರಿಗೂ ಇದು ಬೇಕೇ?

ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಅದರೊಳಗೇ ಇದ್ದೇವೆ. ಅಂಥವರು ಬಡ್ಡಿ ದರ, ಶುಲ್ಕ ಇಷ್ಟನ್ನೇ ನೋಡಿದರೆ ಸಾಕು. ತೆರಿಗೆ ಉಳಿಸಲೆಂದೇ ಸಾಲ ಇಟ್ಟುಕೊಳ್ಳಬೇಡಿ. ನೂರು ರೂಪಾಯಿ ಬಡ್ಡಿ ಕಟ್ಟಿ ಹದಿನೈದು ಉಳಿಸಿದರೆ ಲಾಭ ಯಾರಿಗೆ?

ತೆರಿಗೆ ತಪ್ಪಿಸಲು ಯಜಮಾನರು ಮನೆಯನ್ನು ದಾನವಾಗಿ ಹೆಂಡತಿ ಹೆಸರಿಗೆ ಬರೆದರೂ ಬಾಡಿಗೆ ಅವರ ಲೆಕ್ಕಕ್ಕೇ ಸೇರುತ್ತದೆ.

ಜೋಪಾನವಾಗಿಡಿ: ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಕಂದಾಯ ರಸೀದಿ, ಬಾಡಿಗೆ ಕರಾರು. ಅಡ್ವಾನ್ಸ್ ಹಣ ವಾಪಸ್ ಕೊಡಬೇಕಾದದ್ದು, ಖರ್ಚು ಮಾಡಬೇಡಿ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಮನೆ, ಸಾಲ ಯಾರ ಹೆಸರಿನಲ್ಲಿವೆ?
2. ಕಳೆದ ವರ್ಷ ಬಡ್ಡಿ ಎಷ್ಟು ಕಟ್ಟಿದೆವು, ಅಸಲು ಎಷ್ಟು?
3. ಉಳಿತಾಯ ಪೂರ್ತಿ ಹಾಕಿದ ಮೇಲೆ ಕಷ್ಟಕಾಲಕ್ಕೆ ಏನು ಉಳಿಯುತ್ತದೆ?