ಪ್ರಕಟಣೆಯಲ್ಲಿ ಕಾಣೆಯಾದ ಒಂದು ಪದ

ಈ ವರ್ಷ ದೊಡ್ಡ ಮಕ್ಕಳ ಕನ್ನಡ ತರಗತಿಯಲ್ಲಿ ‘ಯುದ್ಧಕಾಲದ ಪ್ರಚಾರ’ ಎಂಬ ವಿಷಯವನ್ನು ನಾಲ್ಕು ವಾರ ಪಾಠ ಮಾಡಿದೆವು. ಕನ್ನಡ ಕಲಿಯಲು ಬರುವ ಮಕ್ಕಳಿಗೆ ಯುದ್ಧದ ಪಾಠವೇಕೆ ಎಂದು ಕೆಲವು ಪೋಷಕರು ಕೇಳಿದರು. ನ್ಯಾಯವಾದ ಪ್ರಶ್ನೆ. ತರಗತಿಯಲ್ಲಿ ನಡೆದದ್ದನ್ನು ಬರೆಯುವುದೇ ಅದಕ್ಕೆ ಸರಿಯಾದ ಉತ್ತರ ಎಂದುಕೊಂಡಿದ್ದೇವೆ.

ಮೊದಲ ವಾರ ಮಹಾಭಾರತದಿಂದ ಶುರು ಮಾಡಿದೆವು. ಒಬ್ಬ ಹುಡುಗ ಧರ್ಮರಾಯ, ಕೋಣೆಯ ಇನ್ನೊಂದು ತುದಿಯಲ್ಲಿ ದ್ರೋಣಾಚಾರ್ಯ. ಶಂಖ ಇರಲಿಲ್ಲ, ಸ್ಟೀಲ್ ತಟ್ಟೆ ಮತ್ತು ಸೌಟು ಸಾಕಾಯಿತು. ಧರ್ಮರಾಯ ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿ ಹೇಳಬೇಕು, ‘ಅಂದರೆ ಆನೆ’ ಎನ್ನುವ ಹೊತ್ತಿಗೆ ತಟ್ಟೆ ಬಾರಿಸಬೇಕು. ಮೂರು ಸಲ ಆಡಿದರು. ಧರ್ಮರಾಯ ಸುಳ್ಳು ಹೇಳಿದನೇ ಎಂದು ಕೇಳಿದಾಗ ತರಗತಿ ಎರಡು ಪಾಲಾಯಿತು! ತಟ್ಟೆ ಬಾರಿಸಿದ ಹುಡುಗಿಯೇ ಕೊನೆಗೆ, “ಅವನು ನಿಜವನ್ನೇ ಹೇಳಿದ. ಅದು ಕೇಳಿಸದ ಹಾಗೆ ನಾನು ಮಾಡಿದೆ” ಎಂದಳು. ಅವಳ ಮಾತನ್ನು ಬೋರ್ಡಿನ ಮೇಲೆ ಬರೆದು ನಾಲ್ಕು ವಾರವೂ ಅಳಿಸಲಿಲ್ಲ.

ಎರಡನೆಯ ವಾರ ನಾವು ಒಂದು ತಪ್ಪು ಮಾಡಿದೆವು. ಮಕ್ಕಳನ್ನು ಇಡ್ಲಿ ಪಕ್ಷ, ಉಪ್ಪಿಟ್ಟು ಪಕ್ಷ ಎಂದು ವಿಂಗಡಿಸಿ, ಪೋಸ್ಟರ್ ಬರೆದು ಎದುರು ಪಕ್ಷವನ್ನು ಸೋಲಿಸಿ ಎಂದೆವು. ಉಪ್ಪಿಟ್ಟಿಗೆ ಕೋರೆಹಲ್ಲು ಬಂತು, ಇಡ್ಲಿ ಮಿಲಿಟರಿ ಟೋಪಿ ಹಾಕಿಕೊಂಡಿತು. ‘ನಿಮ್ಮ ತಟ್ಟೆ ಕಾಪಾಡಿ’ ಎಂಬ ಘೋಷಣೆಗೆ ನಾವೂ ನಕ್ಕೆವು. ಸ್ವಲ್ಪ ಹೊತ್ತಿನಲ್ಲೇ ಪೋಸ್ಟರುಗಳ ಮಾತು ತಿಂಡಿಯಿಂದ ತಿನ್ನುವವರ ಕಡೆಗೆ ತಿರುಗಿತು. ‘ಉಪ್ಪಿಟ್ಟು ತಿನ್ನುವವರನ್ನು ನಂಬಬೇಡಿ’ ಎಂದು ಒಬ್ಬರು ಬರೆದರು. ಅಂದು ಒಬ್ಬ ಹುಡುಗನ ಡಬ್ಬಿಯಲ್ಲಿ ನಿಜವಾಗಿಯೂ ಉಪ್ಪಿಟ್ಟಿತ್ತು. ಅವನು ಡಬ್ಬಿ ತೆರೆಯಲೇ ಇಲ್ಲ. ಸಂಜೆ ಅವನ ತಾಯಿ ಫೋನ್ ಮಾಡಿದಾಗಲೇ ನಮಗೆ ಗೊತ್ತಾದದ್ದು. ಮುಂದಿನ ವಾರ ಎಲ್ಲರ ಮುಂದೆ ಅವನ ಕ್ಷಮೆ ಕೇಳಿದೆವು. ಆಟಕ್ಕೆ ಹಿಡಿದ ಸಮಯ ನಲವತ್ತು ನಿಮಿಷ!

ಮೂರನೆಯ ವಾರ ನಿಜವಾದ ಪ್ರಚಾರಚಿತ್ರವೊಂದನ್ನು ತಂದೆವು. ಡಾಕ್ಟರ್ ಸ್ಯೂಸ್ ಪುಸ್ತಕವಿಲ್ಲದ ಮನೆ ಪೋರ್ಟರ್ ರ್ಯಾಂಚ್‌ನಲ್ಲಿ ಸಿಗುವುದು ಕಷ್ಟ. ಅವರ ನಿಜವಾದ ಹೆಸರು ಥಿಯೊಡರ್ ಗೈಸೆಲ್. ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿ ಬಹಳ ವರ್ಷ ಇದ್ದವರು. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರದೇ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ನ್ಯೂಯಾರ್ಕಿನ ‘ಪಿಎಂ’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಹಿಟ್ಲರನನ್ನೂ, ಅಮೆರಿಕದೊಳಗಿನ ವರ್ಣಭೇದವನ್ನೂ ಗೇಲಿ ಮಾಡಿದ ಅದೇ ಕೈ, 1942ರ ಫೆಬ್ರವರಿ 13ರ ಚಿತ್ರದಲ್ಲಿ ಬೇರೆ ಕೆಲಸ ಮಾಡಿತು. ವಾಷಿಂಗ್ಟನ್, ಆರೆಗನ್, ಕ್ಯಾಲಿಫೋರ್ನಿಯಾಗಳಿಂದ ಜಪಾನೀಯರ ಸಾಲು ಸಾಲು ಬಂದು ಸಿಡಿಮದ್ದಿನ ಕಟ್ಟು ಪಡೆಯುತ್ತಿದ್ದಾರೆ. ಮಾಡಿನ ಮೇಲೊಬ್ಬ ದುರ್ಬೀನು ಹಿಡಿದು ಸಮುದ್ರದ ಕಡೆ ನೋಡುತ್ತಿದ್ದಾನೆ. ‘ಹೋಮ್’ನಿಂದ ಬರುವ ಸಂಕೇತಕ್ಕೆ ಇವರೆಲ್ಲ ಕಾಯುತ್ತಿದ್ದಾರೆ ಎಂಬುದು ಚಿತ್ರದ ತಾತ್ಪರ್ಯ.

ಚಿತ್ರ ಯಾರದೆಂದು ಹೇಳದೆ, ಏನು ಕಾಣುತ್ತದೆ ಬರೆಯಿರಿ ಎಂದೆವು. “ಎಲ್ಲರಿಗೂ ಒಂದೇ ಮುಖ” ಎಂದು ಹೆಚ್ಚಿನವರು ಬರೆದರು. ಹೆಸರು ಹೇಳಿದಾಗ ತರಗತಿ ನಿಶ್ಶಬ್ದವಾಯಿತು. ಆ ‘ಹೋಮ್’ಗೆ ಕನ್ನಡದಲ್ಲಿ ಏನು ಬರೆಯೋಣ? ಮನೆ, ತವರು, ಊರು, ಎಲ್ಲವೂ ಬೋರ್ಡಿನ ಮೇಲೆ ಬಂದವು. “ನಿನ್ನ ಊರು ಯಾವುದು?” ಎಂದು ಒಬ್ಬನನ್ನು ಕೇಳಿದೆವು. “ಪೋರ್ಟರ್ ರ್ಯಾಂಚ್. ಅಪ್ಪ ಕೇಳಿದರೆ ಹಾಸನ ಅಂತ ಹೇಳಬೇಕು” ಎಂದ! ನಗು ನಿಂತ ಮೇಲೆ, ಚಿತ್ರದ ಸಾಲಿನಲ್ಲಿ ನಿಂತವರಲ್ಲೂ ಬಹಳ ಜನ ಇಲ್ಲೇ ಹುಟ್ಟಿದವರು ಎಂದು ಹೇಳಿದೆವು.

ಚಿತ್ರ ಬಂದ ಆರು ದಿನಕ್ಕೆ, ಫೆಬ್ರವರಿ 19ರಂದು, ಅಧ್ಯಕ್ಷ ರೂಸ್ವೆಲ್ಟ್ 9066ನೆಯ ಆದೇಶಕ್ಕೆ ಸಹಿ ಹಾಕಿದರು. ಚಿತ್ರದಿಂದಲೇ ಆದೇಶ ಬಂತು ಎಂದು ಯಾರೂ ಹೇಳಲಾಗದು. ಆದರೆ ಆ ದಿನಗಳ ಗಾಳಿ ಹೇಗಿತ್ತು ಎನ್ನುವುದು ಅದರಲ್ಲಿ ಕಾಣುತ್ತದೆ. ಆ ವರ್ಷದ ವಸಂತದಲ್ಲಿ ಲಾಸ್ ಏಂಜಲೀಸಿನ ಗೋಡೆ, ಕಂಬಗಳ ಮೇಲೆ ಸೈನ್ಯದ ಪ್ರಕಟಣೆ ಅಂಟಿಸಿದರು. ಜಪಾನಿ ಮೂಲದವರೆಲ್ಲ, ‘ಏಲಿಯನ್’ ಆಗಲಿ ‘ನಾನ್-ಏಲಿಯನ್’ ಆಗಲಿ, ಕೆಲವೇ ದಿನಗಳಲ್ಲಿ ಊರು ಬಿಡಬೇಕು. ಕೈಯಲ್ಲಿ ಹೊರುವಷ್ಟೇ ಸಾಮಾನು. ಸಾಕುಪ್ರಾಣಿ ತರುವಂತಿಲ್ಲ.

ಇದನ್ನು ಕನ್ನಡಕ್ಕೆ ತರುವುದೇ ಅಂದಿನ ಅಭ್ಯಾಸ. ‘ಏಲಿಯನ್’ ಎಂದಾಗ ಹಾರುವ ತಟ್ಟೆಯ ಹಸಿರು ಮನುಷ್ಯ ನೆನಪಾಗಿ ಮಕ್ಕಳು ನಕ್ಕರು. ವಿದೇಶಿ ಎಂದು ತಿದ್ದಿಕೊಂಡರು. ಹಾಗಾದರೆ ‘ನಾನ್-ಏಲಿಯನ್’? ‘ವಿದೇಶಿಯಲ್ಲದವರು’ ಎಂದ ಒಬ್ಬ. ವಿದೇಶಿಯಲ್ಲದವರನ್ನು ನಾವು ಏನೆಂದು ಕರೆಯುತ್ತೇವೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ, “ಪ್ರಜೆ! ಟೀಚರ್, ಅವರು ಸಿಟಿಜನ್ಸ್!” ಎಂಬ ಕೂಗು ಬಂತು. ಹೌದು. ಆ ಒಂದು ಪದ ಬರೆದಿದ್ದರೆ, ಪ್ರಜೆಗಳನ್ನೇ ಓಡಿಸುತ್ತಿದ್ದೇವೆ ಎಂದು ಓದಿದವರಿಗೆಲ್ಲ ತಿಳಿದುಬಿಡುತ್ತಿತ್ತು. ಇಂಗ್ಲಿಷಿನಲ್ಲಿ ಓದುವಾಗ ಮಕ್ಕಳ ಕಣ್ಣಿಗೆ ಬೀಳದ್ದು ಕನ್ನಡಕ್ಕೆ ತರುವಾಗ ಸಿಕ್ಕಿಬಿತ್ತು. ಮಿಕ್ಕ ಪದಗಳೂ ಹಾಗೆಯೇ. ‘ಅಸೆಂಬ್ಲಿ ಸೆಂಟರ್’ ಎಂದು ಕರೆದದ್ದರಲ್ಲಿ ಒಂದು ಸಾಂಟಾ ಅನಿತಾದ ಕುದುರೆ ರೇಸಿನ ಮೈದಾನ. ಎಷ್ಟೋ ಸಂಸಾರಗಳಿಗೆ ಕುದುರೆ ಲಾಯವೇ ಮನೆಯಾಯಿತು.

ಒಟ್ಟು ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಇಟ್ಟರು. ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳು. ಪಶ್ಚಿಮ ಕರಾವಳಿಯಲ್ಲಿ ಅವರಲ್ಲೊಬ್ಬರೂ ಬೇಹುಗಾರಿಕೆ ನಡೆಸಿದ್ದಕ್ಕೆ ದಾಖಲೆಯಿಲ್ಲ ಎಂದು ಸರ್ಕಾರದ್ದೇ ಆಯೋಗ ಮುಂದೆ ಕಂಡುಕೊಂಡಿತು. 1988ರಲ್ಲಿ ದೇಶ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಮಾಡಿತು. ನಮ್ಮಿಂದ ಕಾರಿನಲ್ಲಿ ಸುಮಾರು ಅರ್ಧ ಗಂಟೆ ದೂರದ ಟುಹುಂಗಾದಲ್ಲೂ ಟ್ಯೂನಾ ಕ್ಯಾನಿಯನ್ ಎಂಬ ಬಂಧನ ಶಿಬಿರ 1941ರ ಡಿಸೆಂಬರಿನಲ್ಲೇ ತೆರೆದಿತ್ತು.

ಪಾಠವೇಕೆ ಎಂದು ಕೇಳಿದ ಪೋಷಕರಿಗೆ 2001ರ ಸೆಪ್ಟೆಂಬರ್ ನೆನಪಿರಬಹುದು. ಗೋಪುರಗಳು ಬಿದ್ದ ನಾಲ್ಕೇ ದಿನಕ್ಕೆ ಅರಿಜೋನಾದ ಮೆಸಾದಲ್ಲಿ ಗ್ಯಾಸ್ ಸ್ಟೇಷನ್ ನಡೆಸುತ್ತಿದ್ದ ಬಲ್ಬೀರ್ ಸಿಂಗ್ ಸೋಧಿಯವರನ್ನು ಪೇಟ, ಗಡ್ಡ ನೋಡಿ ಒಬ್ಬ ಗುಂಡಿಟ್ಟು ಕೊಂದ. ‘ಎಲ್ಲರಿಗೂ ಒಂದೇ ಮುಖ’ ಬರೆಯುವ ಕೈ ನಮ್ಮ ಮಕ್ಕಳ ಮುಖವನ್ನೂ ಬರೆಯಬಲ್ಲದು. ಆ ಕುಂಚ ನಮ್ಮ ಮಕ್ಕಳ ಕೈಯಲ್ಲೂ ಇರಬಹುದು ಎನ್ನುವುದನ್ನು ಉಪ್ಪಿಟ್ಟಿನ ಯುದ್ಧ ತೋರಿಸಿತು.

ಕೊನೆಯ ವಾರ ಕ್ಲಾರಾ ಬ್ರೀಡ್ ಕಥೆ ಹೇಳಿದೆವು. ಈಕೆ ಸ್ಯಾನ್ ಡಿಯಾಗೋ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದವರು. 1942ರ ಏಪ್ರಿಲ್‌ನಲ್ಲಿ ಜಪಾನಿ ಕುಟುಂಬಗಳನ್ನು ರೈಲು ಹತ್ತಿಸುವಾಗ ನಿಲ್ದಾಣಕ್ಕೆ ಹೋಗಿ, ತಮ್ಮಲ್ಲಿಗೆ ಪುಸ್ತಕಕ್ಕೆ ಬರುತ್ತಿದ್ದ ಮಕ್ಕಳ ಕೈಗೆ ಸ್ಟಾಂಪ್ ಅಂಟಿಸಿ ವಿಳಾಸ ಬರೆದ ಕಾರ್ಡುಗಳನ್ನು ಕೊಟ್ಟರು. ಮಕ್ಕಳು ಮೊದಲು ಸಾಂಟಾ ಅನಿತಾದಿಂದ, ಆಮೇಲೆ ಅರಿಜೋನಾ ಮರುಭೂಮಿಯ ಪೋಸ್ಟನ್ ಶಿಬಿರದಿಂದ ಬರೆದರು. ಆಕೆ ಪುಸ್ತಕ ಕಳಿಸಿದರು, ಬೇಕಾದ ಸಾಮಾನು ಕಳಿಸಿದರು, ಇದು ಅನ್ಯಾಯ ಎಂದು ಪತ್ರಿಕೆಗೂ ಬರೆದರು. ಆ ಪತ್ರಗಳು ಲಿಟಲ್ ಟೋಕಿಯೋದ ಜಪಾನೀಸ್ ಅಮೆರಿಕನ್ ನ್ಯಾಷನಲ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ.

ಶಿಬಿರದ ಮಗುವಾಗಿ ಕ್ಲಾರಾ ಅವರಿಗೊಂದು ಕಾರ್ಡ್ ಬರೆಯಿರಿ ಎಂದೆವು, ಕನ್ನಡದಲ್ಲಿ, ಐದೇ ಸಾಲು. ಒಬ್ಬಳು, ಹಿಂದೆ ಬಿಟ್ಟುಬಂದ ನಾಯಿಗೆ ಅನ್ನ ಹಾಕುವವರು ಯಾರು ಎಂದು ಕೇಳಿದ್ದಾಳೆ. ಇನ್ನೊಬ್ಬ ಹೆಚ್ಚಿಗೆ ಏನೂ ಬರೆಯದೆ, ಗ್ರಂಥಾಲಯದ ಪುಸ್ತಕವೊಂದು ತನ್ನಲ್ಲೇ ಉಳಿದಿದೆ, ದಂಡ ಎಷ್ಟಾಗುತ್ತದೆ ಎಂದು ವಿಚಾರಿಸಿದ್ದಾನೆ. ಡಬ್ಬಿ ತೆರೆಯದಿದ್ದ ಹುಡುಗನೇ ಅವನು. ಕಾರ್ಡುಗಳನ್ನು ವಾರ್ಷಿಕೋತ್ಸವದ ದಿನ ತರಗತಿಯ ಗೋಡೆಗೆ ಹಾಕಿರುತ್ತೇವೆ, ಪೋಷಕರು ಬಂದು ಓದಬೇಕು. ಕಾಗುಣಿತದ ತಪ್ಪುಗಳನ್ನು ಈ ಒಂದು ಸಲ ನಾವು ತಿದ್ದಿಲ್ಲ.