ಮುಚ್ಚಳದ ಸಂದಿನಲ್ಲಿ ನುಗ್ಗುವ ಧೂಳು

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಇವೆ. ಆಷಾಢದ ಗಾಳಿ ಎದ್ದರೆ ಹೊಲದ ಮಣ್ಣೆಲ್ಲ ರಸ್ತೆಗೆ ಬರುತ್ತದೆ. ಶೇಂಗಾ ಒಕ್ಕಣೆ ಶುರುವಾದರೆ ಮಿಷನ್ನಿನ ಧೂಳು ಬೇರೆ. ಇಂಥ ಕಡೆ ಬೈಕ್ ರಿಪೇರಿ ಮಾಡುತ್ತ ಬಂದವನು ನಾನು. ಕಲಿತದ್ದರಲ್ಲಿ ಹೆಚ್ಚಿನದು ಕೆಟ್ಟು ಬಂದ ಗಾಡಿಗಳಿಂದ. ಕೆಲವು ನನ್ನ ಕೈಯಲ್ಲೇ ಕೆಟ್ಟವು. ಏರ್ ಫಿಲ್ಟರ್ ಡಬ್ಬಿ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಇಂಜಿನ್ನಿಗೆ ಏನಾಗುತ್ತದೆ ಎಂಬುದನ್ನು ಗಾಡಿ ಇಟ್ಟುಕೊಂಡವರಿಗೂ, ಈಗಷ್ಟೇ ಸ್ಪ್ಯಾನರ್ ಹಿಡಿದಿರುವ ಹುಡುಗರಿಗೂ ಹೇಳಬೇಕು.

1. ಫಿಲ್ಟರ್ ಹೊಸದಾದರೆ ಸಾಲದು, ಅಂಚು ಕೂರಬೇಕು

ಶೇಂಗಾ ವ್ಯಾಪಾರದವರೊಬ್ಬರ ನೂರು ಸಿಸಿ ಗಾಡಿಗೆ ಹೊಸ ಫಿಲ್ಟರ್ ಹಾಕಿದೆ. ಮುಚ್ಚಳದ ಸುತ್ತ ಇರಬೇಕಾದ ರಬ್ಬರ್ ಬೀಡಿಂಗ್ ಅರ್ಧ ಕಿತ್ತುಹೋಗಿತ್ತು, ಒಂದು ಸ್ಕ್ರೂ ಇರಲೇ ಇಲ್ಲ. ಉಳಿದವನ್ನು ಬಿಗಿಮಾಡಿ ಕಳಿಸಿದೆ. ಸುಗ್ಗಿ ಮುಗಿದ ಮೇಲೆ ಗಾಡಿ ನೀಲಿ ಹೊಗೆ ಬಿಡುತ್ತ ಬಂತು. ಬಿಚ್ಚಿದರೆ ಬೋರಿನ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಗೀರುಗಳು, ಉಗುರು ಆಡಿಸಿದರೆ ಸಿಕ್ಕುವಷ್ಟು. ಮಣ್ಣಿನಲ್ಲಿರುವ ಸಣ್ಣ ಮರಳಿನ ಕಣ ಬೋರಿನ ಕಬ್ಬಿಣಕ್ಕಿಂತ ಗಟ್ಟಿ. ಅದು ಆಯಿಲ್ ಜೊತೆ ಸೇರಿದರೆ ವಾಲ್ವ್ ಉಜ್ಜಲು ನಾವು ಹಚ್ಚುವ ಪೇಸ್ಟಿನಂತೆ ರಿಂಗು, ಬೋರು ಎರಡನ್ನೂ ಸವೆಸುತ್ತದೆ. ಕಂಪ್ರೆಷನ್ ಇಳಿಯುತ್ತದೆ, ಆಯಿಲ್ ಉರಿಯುತ್ತದೆ, ಏರು ಹತ್ತುವಾಗ ಗಾಡಿ ಸೋಲುತ್ತದೆ. ಅವತ್ತು ಬೀಡಿಂಗ್ ಹುಡುಕಿ ತಂದು ಹಾಕಿದ್ದರೆ ಅವರಿಗೆ ಬೋರ್ ಕೆಲಸದ ಖರ್ಚು ಉಳಿಯುತ್ತಿತ್ತು.

2. ಟ್ಯೂನಿಂಗಿಗೆ ಕೈ ಹಾಕುವ ಮೊದಲು ಡಬ್ಬಿ ನೋಡಿ

ಪಿಕಪ್ ಇಲ್ಲ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು, ಇಂಜಿನ್ ಬೇಗ ಕಾಯುತ್ತದೆ, ಪ್ಲಗ್ ಬೆಳ್ಳಗಾಗಿದೆ. ಇವೆಲ್ಲ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದಾಗಿನ ಲಕ್ಷಣ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಫಿಲ್ಟರ್, ಡಬ್ಬಿ ಎರಡೂ ಗಾಳಿಯನ್ನು ಎಷ್ಟು ತಡೆಯುತ್ತವೆ ಎಂದು ಲೆಕ್ಕ ಹಾಕಿಯೇ ಕಾರ್ಬೋರೇಟರ್ ಜೆಟ್ಟಿನ ಅಳತೆ ಇಟ್ಟಿರುತ್ತಾರೆ. ಸಂದಿನಿಂದ ಗಾಳಿ ಸಲೀಸಾಗಿ ನುಗ್ಗಿದರೆ ಆ ಲೆಕ್ಕ ತಪ್ಪುತ್ತದೆ. ನಾನು ಮಾಡುತ್ತಿದ್ದದ್ದು ಸೂಜಿಯ ಕ್ಲಿಪ್ ಒಂದು ಮನೆ ಇಳಿಸಿ ಪೆಟ್ರೋಲ್ ಹೆಚ್ಚಿಸುವುದು. ಗಾಡಿ ಚೆನ್ನಾಗಿ ಓಡುತ್ತಿತ್ತು, ಗಿರಾಕಿಗೂ ಖುಷಿ. ಆದರೆ ಮೈಲೇಜ್ ಬಿತ್ತು, ಧೂಳು ಮಾತ್ರ ಹೋಗುತ್ತಲೇ ಇತ್ತು. ರೋಗ ಹಾಗೇ ಬಿಟ್ಟು ಅದರ ಗುರುತನ್ನಷ್ಟೇ ಅಳಿಸಿದ್ದೆ.

3. ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂಬುದು ಮುಖ್ಯ

ಕಾರ್ಬೋರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟರೆ ಸ್ಲೋ ನಿಲ್ಲುವುದಿಲ್ಲ, ಆರ್‌ಪಿಎಂ ತಾನಾಗಿ ಏರುತ್ತ ಇಳಿಯುತ್ತ ಇರುತ್ತದೆ. ಗಾಡಿ ಸ್ಲೋನಲ್ಲಿರುವಾಗ ಆ ಜಾಯಿಂಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಬದಲಾದರೆ ಸೋರಿಕೆ ಅಲ್ಲೇ. ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ, ಬಿಸಿ ಇಂಜಿನ್ ಪಕ್ಕದಲ್ಲಿ ಅದು ಬೆಂಕಿಗೆ ದಾರಿ. ಫಿಲ್ಟರ್ ಡಬ್ಬಿಯ ಸೋರಿಕೆ ಹೀಗೆ ಸದ್ದಿನಲ್ಲಿ ಸಿಗುವುದಿಲ್ಲ. ಅದಕ್ಕೆ ಧೂಳಿನ ಜಾಡನ್ನೇ ಹುಡುಕಬೇಕು.

4. ಧೂಳಿನ ಊರಲ್ಲಿ ಫಿಲ್ಟರ್ ಸ್ವಚ್ಛವಿದ್ದರೆ ಅನುಮಾನಪಡಿ

ಮೊಳಕಾಲ್ಮೂರು ಕಡೆಯ ಕುರಿ ಸಾಕುವವರೊಬ್ಬರು ದಿನವೂ ಮಣ್ಣಿನ ದಾರಿಯಲ್ಲೇ ಓಡಾಡುವವರು. ಡಬ್ಬಿ ಬಿಚ್ಚಿದಾಗ, "ಹೊಸದು ಇದ್ದಂಗೈತಲ್ಲಣ್ಣ, ಬಿಡು" ಅಂದರು. ನಾನೂ ಹೌದೆಂದು ಮುಚ್ಚಿಬಿಟ್ಟೆ. ಮತ್ತೆ ಬಂದಾಗ ಫಿಲ್ಟರ್ ಆಚೆಯ ರಬ್ಬರ್ ಪೈಪಿನೊಳಗೆ ಬೆರಳು ಹಾಕಿದೆ. ಕೆಂಪು ಹುಡಿ ಅಂಟಿಕೊಂಡು ಬಂತು. ಧೂಳೆಲ್ಲ ಫಿಲ್ಟರನ್ನು ಬಳಸಿಕೊಂಡು ಹೋಗಿತ್ತು. ಈಗ ಮುಚ್ಚಳದ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ ಮುಚ್ಚಿ, ಕೆಲವು ದಿನ ಓಡಿಸಿ ಬನ್ನಿ ಎನ್ನುತ್ತೇನೆ. ಸಂದು ಇದ್ದಲ್ಲಿ ಗ್ರೀಸಿನ ಮೇಲೆ ಧೂಳು ದಾಟಿದ ಗೆರೆ ಎದ್ದು ಕಾಣುತ್ತದೆ. ಡಬ್ಬಿ ತಳದ ಸಣ್ಣ ಡ್ರೈನ್ ಪೈಪಿನ ಬಿರಡೆ ಇದೆಯೇ ಎಂದೂ ನೋಡುತ್ತೇನೆ. ಶೇಂಗಾ ತುಂಬಿಟ್ಟ ಮನೆಯಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದಿದೆಯೇ ಎಂದು ಹುಡುಕಲೇಬೇಕು.

5. ಗಮ್ ಮೆತ್ತಿ ಮುಚ್ಚಬೇಡಿ

ಸೋರಿಕೆ ಎಂದರೆ ಗಮ್ ಎಂದುಕೊಂಡ ಕಾಲವಿತ್ತು. ಮುಂದಿನ ಸರ್ವಿಸಿನಲ್ಲಿ ಮುಚ್ಚಳ ಕೀಳಲು ಹೋಗಿ ಅಂಚೇ ಮುರಿಯಿತು, ಒಣಗಿದ ಗಮ್ಮಿನ ಚೂರು ಒಳಗೆ ಬಿತ್ತು. ಸ್ಕ್ರೂ ಅತಿಯಾಗಿ ಬಿಗಿದರೂ ಪ್ಲಾಸ್ಟಿಕ್ ಬಾಗಿ ಹೊಸ ಸಂದು ಹುಟ್ಟುತ್ತದೆ. ಆ ಗಾಡಿಯದೇ ಬೀಡಿಂಗ್ ಹಾಕಿ, ಎಲ್ಲ ಸ್ಕ್ರೂಗಳನ್ನೂ ಎದುರುಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮುಚ್ಚಳ ಸೊಟ್ಟಗಾಗಿದ್ದರೆ ಬದಲಿಸುವುದೊಂದೇ ದಾರಿ.

6. ಹೊಸ ಗಾಡಿ ದೂರದಿದ್ದರೆ ಸರಿಯಿದೆ ಎಂದಲ್ಲ

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಇಂಜೆಕ್ಷನ್ ಮನೆಮಾಡಿದೆ. ಗಾಳಿ ಹೆಚ್ಚು ಕಡಿಮೆಯಾದರೆ ಸೆನ್ಸರ್ ನೋಡಿ ಪೆಟ್ರೋಲ್ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಕಾಣುತ್ತಿದ್ದ ಲಕ್ಷಣಗಳು ಈಗ ಕಾಣದೆಯೂ ಇರಬಹುದು. ಆದರೆ ಧೂಳನ್ನು ಅಳೆಯುವ ಸೆನ್ಸರ್ ಆ ಗಾಡಿಯಲ್ಲಿಲ್ಲ. 97 ಸಿಸಿ ಇಂಜಿನ್ 5000 ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿದರೆ ನಿಮಿಷಕ್ಕೆ ಹೆಚ್ಚೆಂದರೆ 240 ಲೀಟರ್ ಗಾಳಿ ಎಳೆಯಬಲ್ಲದು. ಅದರಲ್ಲಿ ಸ್ವಲ್ಪವೇ ಸಂದಿನಿಂದ ಹೋದರೂ ತಿಂಗಳುಗಟ್ಟಲೆಯಲ್ಲಿ ಎಷ್ಟು ಮಣ್ಣಾಗುತ್ತದೆ, ಯೋಚಿಸಿ.

ಆದ್ದರಿಂದ ಆಯಿಲ್ ಬದಲಿಸುವ ದಿನವೇ ನಿಮ್ಮೆದುರಿಗೆ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಬೀಡಿಂಗ್ ನೋಡಿ, ಸ್ಕ್ರೂ ಎಣಿಸಿ, ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಧೂಳಿನ ನಾಡಿನಲ್ಲಿ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಬೇಗ ಬದಲಿಸಬೇಕು. ಬೀಡಿಂಗಿಗೆ ಆಗುವುದು ಅಲ್ಪ ಖರ್ಚು. ಬೋರ್ ಗೀರಿದ ಮೇಲೆ ಎಂಥ ಟ್ಯೂನಿಂಗ್ ಮಾಡಿದರೂ ಅದು ಸರಿಹೋಗುವುದಿಲ್ಲ.