ಗಿಟಾರಿನ ಶ್ರುತಿ, ಅಜ್ಜಿಯ ಕಂಠ



ಕೆಲವು ವರ್ಷಗಳ ಹಿಂದೆ ಭದ್ರಾವತಿಯಲ್ಲಿ ಒಂದು ಭಾನುವಾರ, ಬಲಿಪೂಜೆಯ ಕೊನೆಗೆ ಪ್ರಕಟಣೆಗಳನ್ನು ಓದಿ ಮುಗಿಸಿದ ಮೇಲೆ, ನಾನು ಜನರನ್ನು ಸ್ವಲ್ಪ ಗದರಿಸಿದೆ. ಗಾನವೃಂದದ ಏಳೆಂಟು ಮಕ್ಕಳು ಮಾತ್ರ ಹಾಡುತ್ತಾರೆ, ಉಳಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನಿಂತಿರುತ್ತೀರಿ, ಇದು ಭಕ್ತಿಯ ಕೊರತೆಯಲ್ಲದೆ ಬೇರೇನು ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ದೇವಾಲಯದೊಳಗೆ ಗುರುಗಳಿಗೆ ಎದುರು ಮಾತನಾಡುವ ಪದ್ಧತಿ ನಮ್ಮಲ್ಲಿಲ್ಲ.

ಉತ್ತರ ಸಿಕ್ಕಿದ್ದು ಆ ವಾರದ ಮನೆಭೇಟಿಯಲ್ಲಿ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೊಬ್ಬರ ಮನೆ ಅದು. ಅವರ ಪತ್ನಿ, ಎಪ್ಪತ್ತು ದಾಟಿದ ಅಜ್ಜಿ, ಕಾಫಿ ಲೋಟವನ್ನು ಕೈಗಿತ್ತು ಮೆಲ್ಲನೆ ಹೇಳಿದರು: “ಸ್ವಾಮಿ, ನಾನು ಮೊದಲೆಲ್ಲ ಹಾಡ್ತಿದ್ದೆ. ಈಗ ನಿಮ್ಮ ಗಿಟಾರು ಏರಿದಷ್ಟು ನನ್ನ ಗಂಟಲು ಏರೋದಿಲ್ಲ. ಎರಡು ಸಲ ಕೀರಲು ದನಿ ಬಂತು, ಪಕ್ಕದ ಮಕ್ಕಳು ನಕ್ಕರು. ಆಮೇಲೆ ಬಾಯಿ ಮುಚ್ಕೊಂಡೆ.”

ನಾನು ಭಕ್ತಿಯ ಕೊರತೆ ಎಂದುಕೊಂಡದ್ದು ಶ್ರುತಿಯ ತೊಂದರೆಯಾಗಿತ್ತು. ತಪ್ಪು ಆ ಅಜ್ಜಿಯದಲ್ಲ, ವಿಚಾರಿಸದೆ ಗದರಿಸಿದ ನನ್ನದು. ಆ ತಪ್ಪನ್ನು ತಿದ್ದಿಕೊಳ್ಳುವ ನೆಪದಲ್ಲಿ ಗಿಟಾರಿನ ಬಗ್ಗೆ ನಾನು ಕಲಿತ ನಾಲ್ಕು ಪಾಠಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ಮನೆಯಲ್ಲಿ ಗಿಟಾರು ಹಿಡಿದ ಮಗನೋ ಮಗಳೋ ಇದ್ದರೆ ಜೊತೆಯಲ್ಲಿ ಕೂರಿಸಿಕೊಂಡು ಓದಿರಿ.

ಆರು ತಂತಿಗಳ ಲೆಕ್ಕ

ಗಿಟಾರಿಗೆ ಆರು ತಂತಿಗಳು. ದಪ್ಪ ತಂತಿಯಿಂದ ತೆಳುವಿನವರೆಗೆ ಅವುಗಳ ಸಾಮಾನ್ಯ ಶ್ರುತಿ ಇ, ಎ, ಡಿ, ಜಿ, ಬಿ, ಇ. ವೀಣೆಗೆ ಮೆಟ್ಟಿಲುಗಳಿರುವಂತೆ ಗಿಟಾರಿನ ಕೊರಳಿನ ಮೇಲೆ ಅಡ್ಡ ಪಟ್ಟಿಗಳಿವೆ, ಅವಕ್ಕೆ ಫ್ರೆಟ್ ಎಂದು ಹೆಸರು. ಒಂದು ಫ್ರೆಟ್ ಮೇಲೇರಿದರೆ ನಾದ ಅರ್ಧ ಸ್ವರದಷ್ಟು ಏರುತ್ತದೆ. ಹನ್ನೆರಡು ಫ್ರೆಟ್ ಏರಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ.

ನಮ್ಮ ಗಾನವೃಂದದಲ್ಲಿ ಗಿಟಾರು ನುಡಿಸುತ್ತಿದ್ದವನು ದಿನವೂ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿ ಬರುತ್ತಿದ್ದ ಹುಡುಗ. ಪ್ರವೇಶ ಗೀತೆಯನ್ನು ಅವನು ಡಿ ಶ್ರುತಿಯಲ್ಲಿ ನುಡಿಸುತ್ತಿದ್ದ. ಹಾರ್ಮೋನಿಯಂ ಬಲ್ಲವರ ಮಾತಿನಲ್ಲಿ ಅದು ಬಿಳಿ ಎರಡು. ಆ ಗೀತೆಯ ಅತಿ ಎತ್ತರದ ಸ್ವರ ಮೇಲಿನ ಎಫ್ ಶಾರ್ಪ್. ಧ್ವನಿಮುದ್ರಣದಲ್ಲಿ ಹಾಡಿದ ಪಳಗಿದ ಗಾಯಕಿಗೆ ಅದು ಸಲೀಸು. ಬೆಳಗಿನ ಏಳು ಗಂಟೆಯ ಪೂಜೆಗೆ ಬರುವ ಗೃಹಿಣಿಗೆ, ರಾತ್ರಿ ಪಾಳಿ ಮುಗಿಸಿ ಬಂದವನಿಗೆ, ಅಜ್ಜಿಗೆ ಅದು ನಿಲುಕದ ಎತ್ತರ. ಸಾಮಾನ್ಯ ಜನರ ಗುಂಪು ಹಾಡಬೇಕಾದರೆ ಅತಿ ಮೇಲಿನ ಸ್ವರ ಡಿ ಆಸುಪಾಸಿನಲ್ಲಿ ನಿಲ್ಲುವುದು ಒಳ್ಳೆಯದು. ಅಂದರೆ ಆ ಗೀತೆಯನ್ನು ನಾಲ್ಕು ಅರ್ಧ ಸ್ವರ ಇಳಿಸಿ ಬಿ ಫ್ಲ್ಯಾಟ್‌ಗೆ, ಕೆಳಗಿನ ಕಪ್ಪು ಐದಕ್ಕೆ, ತರಬೇಕಿತ್ತು.

“ಬಿ ಫ್ಲ್ಯಾಟ್ ಹಿಡಿಯೋದು ಕಷ್ಟ ಫಾದರ್. ತೋರುಬೆರಳನ್ನ ಆರೂ ತಂತಿ ಮೇಲೆ ಅಡ್ಡ ಒತ್ತಿ ಹಿಡೀಬೇಕು. ಎರಡು ಚರಣ ಆಗೋಷ್ಟರಲ್ಲಿ ಕೈ ಸೋತುಹೋಗ್ತದೆ” ಎಂದ ಹುಡುಗ. ಅವನ ಚೀಲದಲ್ಲೇ ಇದಕ್ಕೆ ಪರಿಹಾರವಿತ್ತು.

ಕ್ಯಾಪೊ ಎಂಬ ಪುಟ್ಟ ಸಹಾಯಕ

ಕ್ಯಾಪೊ ಎಂದರೆ ಗಿಟಾರಿನ ಕೊರಳನ್ನು ಕಚ್ಚಿಕೊಂಡು ಆರೂ ತಂತಿಗಳನ್ನು ಒಟ್ಟಿಗೆ ಒತ್ತುವ ಒಂದು ಕ್ಲಿಪ್ಪು. ಇಟಲಿಯ ಭಾಷೆಯ ಕಾಪೋತಾಸ್ತೋ ಎಂಬ ಪದದಿಂದ ಈ ಹೆಸರು ಬಂದಿದೆ. ಅದನ್ನು ಎಷ್ಟನೆಯ ಫ್ರೆಟ್ಟಿಗೆ ಹಾಕುತ್ತೇವೋ ಅಷ್ಟು ಅರ್ಧ ಸ್ವರ ಎಲ್ಲ ತಂತಿಗಳೂ ಏರುತ್ತವೆ. ಬೆರಳು ಹಿಡಿಯುವ ಆಕಾರ ಮಾತ್ರ ಬದಲಾಗುವುದಿಲ್ಲ. ಸಿ ಆಕಾರ ಹಿಡಿದು ಎರಡನೆಯ ಫ್ರೆಟ್ಟಿನಲ್ಲಿ ಕ್ಯಾಪೊ ಹಾಕಿದರೆ ಕೇಳುವುದು ಡಿ. ಜಿ ಆಕಾರಕ್ಕೆ ಎರಡರಲ್ಲಿ ಹಾಕಿದರೆ ಎ, ಮೂರರಲ್ಲಿ ಹಾಕಿದರೆ ಬಿ ಫ್ಲ್ಯಾಟ್.

ಕ್ಯಾಪೊ ಶ್ರುತಿಯನ್ನು ಏರಿಸಲಿಕ್ಕೆ ಮಾತ್ರ ಎಂದು ಆ ಹುಡುಗ ತಿಳಿದಿದ್ದ. ತಂತಿಯ ಮಟ್ಟಿಗೆ ಅದು ನಿಜ. ಹಾಡಿನ ಮಟ್ಟಿಗೆ ಬೇರೆ ದಾರಿಯುಂಟು. ಡಿ ಆಕಾರವನ್ನು ಬಿಟ್ಟು ಜಿ ಆಕಾರಕ್ಕೆ ಬಂದರೆ ಹಾಡು ಏಳು ಅರ್ಧ ಸ್ವರ ಕೆಳಗಿಳಿಯುತ್ತದೆ. ಅಷ್ಟು ಇಳಿದರೆ ಹೆಂಗಸರಿಗೆ ಹಾಡಲಾಗದು. ಅಲ್ಲಿಂದ ಕ್ಯಾಪೊ ಮೂಲಕ ಮೂರು ಫ್ರೆಟ್ ಏರಿದರೆ ಒಟ್ಟು ಇಳಿದದ್ದು ನಾಲ್ಕೇ. ನಮಗೆ ಬೇಕಾಗಿದ್ದೂ ಅಷ್ಟೇ. ಬೆರಳಿಗೂ ನೋವಿಲ್ಲ, ಗಂಟಲಿಗೂ ನೋವಿಲ್ಲ.

ಇದು ನಮಗೆ ಹೊಸ ವಿಚಾರವೇನಲ್ಲ. ಶಿವಮೊಗ್ಗಕ್ಕೆ ಹತ್ತಿರವಿರುವ ತುಂಗಾ ತೀರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಕಾವ್ಯವಾಚನಕ್ಕೆ ಕೂತ ಗಮಕಿ ಮೊದಲು ತನ್ನ ಕಂಠಕ್ಕೆ ಒಗ್ಗುವ ಶ್ರುತಿಯನ್ನು ಹಿಡಿಯುತ್ತಾನೆ. ಶ್ರುತಿಪೆಟ್ಟಿಗೆ ಅವನನ್ನು ಅನುಸರಿಸುತ್ತದೆಯೇ ಹೊರತು ಅವನು ಪೆಟ್ಟಿಗೆಯನ್ನಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಾಧನ ಯಾವುದು, ಸಾಧ್ಯ ಯಾವುದು ಎಂಬ ಭೇದವನ್ನು ನಮಗೆ ಕಲಿಸುತ್ತಾರೆ. ವಾದ್ಯ ಸಾಧನ, ಜನರ ಪ್ರಾರ್ಥನೆ ಸಾಧ್ಯ. ಪುಸ್ತಕದಲ್ಲಿ ಓದಿದ್ದನ್ನು ದೇವಾಲಯದಲ್ಲಿ ಕಾಣಲು ನನಗೆ ಬಹಳ ಕಾಲ ಹಿಡಿಯಿತು.

ಹೆಬ್ಬೆರಳ ನಡಿಗೆ

ಗಿಟಾರನ್ನು ಬರಬರನೆ ಬಾರಿಸುವುದು ಒಂದು ರೀತಿ. ಬೆರಳುಗಳಿಂದ ತಂತಿಗಳನ್ನು ಬೇರೆಬೇರೆಯಾಗಿ ಮೀಟುವುದು ಇನ್ನೊಂದು ರೀತಿ. ಎರಡನೆಯದನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಕರಿಯ ಜನರು ತಮ್ಮ ಬ್ಲೂಸ್ ಮತ್ತು ಭಕ್ತಿಗೀತೆಗಳಲ್ಲಿ ಬಹಳ ಎತ್ತರಕ್ಕೆ ಒಯ್ದರು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಮ್ಮೆ ಇತ್ತ ಒಮ್ಮೆ ಅತ್ತ ಹೆಜ್ಜೆ ಹಾಕುತ್ತ ತಾಳ ಹಿಡಿಯುತ್ತದೆ. ತೋರುಬೆರಳು, ನಡುಬೆರಳುಗಳು ತೆಳು ತಂತಿಗಳ ಮೇಲೆ ಹಾಡಿನ ಧಾಟಿಯನ್ನು ಹೇಳುತ್ತವೆ. ಈ ಕ್ರಮದಲ್ಲಿ ಬೆರಳಿಟ್ಟು ಒತ್ತದ ಖಾಲಿ ತಂತಿಗಳು ತಾವಾಗಿ ಮೊಳಗಬೇಕು. ಆದುದರಿಂದಲೇ ಕ್ಯಾಪೊ ಬೇಕು. ಶ್ರುತಿ ಯಾವುದಾದರೂ ಖಾಲಿ ತಂತಿಯ ಮೊಳಗು ಉಳಿಯುತ್ತದೆ.

ಮಿಸಿಸಿಪ್ಪಿ ಜಾನ್ ಹರ್ಟ್ ಎಂಬುವರು 1928ರಲ್ಲಿ ಕೆಲವು ಹಾಡುಗಳನ್ನು ಧ್ವನಿಮುದ್ರಿಸಿ ಮತ್ತೆ ತಮ್ಮ ಹಳ್ಳಿಯ ಹೊಲದ ಕೆಲಸಕ್ಕೆ ಮರಳಿದ್ದರು. 1963ರಲ್ಲಿ ಅವರನ್ನು ಹುಡುಕಿ ತೆಗೆದಾಗ ಅವರ ಹೆಬ್ಬೆರಳ ನಡಿಗೆ ಹಾಗೆಯೇ ಇತ್ತು. ಅಂಧರಾಗಿದ್ದ ಗ್ಯಾರಿ ಡೇವಿಸ್ (1896–1972) ಬ್ಯಾಪ್ಟಿಸ್ಟ್ ಬೋಧಕರು. ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳು ಎರಡರಿಂದಲೇ ಗಿಟಾರು ನುಡಿಸಿ ಸುವಾರ್ತೆ ಹಾಡಿದರು.

ಎಲಿಜಬೆತ್ ಕಾಟನ್ ಅವರ ಕಥೆ ನಮ್ಮಂಥ ಗುರುಗಳು ಕೇಳಲೇಬೇಕಾದದ್ದು. ಎಡಗೈ ಅಭ್ಯಾಸವಿದ್ದುದರಿಂದ ಅವರು ಗಿಟಾರನ್ನು ತಲೆಕೆಳಗಾಗಿ ಹಿಡಿದು, ದಪ್ಪ ತಂತಿಗಳನ್ನು ಬೆರಳುಗಳಿಂದಲೂ ಧಾಟಿಯನ್ನು ಹೆಬ್ಬೆರಳಿನಿಂದಲೂ ನುಡಿಸುತ್ತಿದ್ದರು. ಲೌಕಿಕ ಹಾಡು ಬೇಡವೆಂದು ಅವರ ಸಭೆಯ ಹಿರಿಯರು ಹೇಳಿದ ಮೇಲೆ ಅನೇಕ ವರ್ಷ ಗಿಟಾರನ್ನೇ ಬಿಟ್ಟರು. ಮುಂದೆ ಮನೆಗೆಲಸಕ್ಕಿದ್ದ ಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಮತ್ತೆ ಕೈಗೆತ್ತಿಕೊಂಡರು. 1985ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಗ್ರ್ಯಾಮಿ ಪ್ರಶಸ್ತಿ ಪಡೆದರು. ಒಂದು ಕಂಠವನ್ನೋ ಕೈಯನ್ನೋ ಮೌನವಾಗಿಸುವುದು ನಮಗೆ ಎಷ್ಟು ಸುಲಭ!

ತಂತಿ ಇಳಿಸುವ ಕ್ರಮಗಳು

ಈ ಜನರು ಇನ್ನೊಂದು ಉಪಾಯವನ್ನೂ ಬಳಸಿದರು: ತಂತಿಗಳ ಶ್ರುತಿಯನ್ನೇ ಬದಲಿಸುವುದು. ಬಿರಡೆಯನ್ನು ಸಡಿಲಿಸಿ ಇಳಿಸುವುದೇ ವಾಡಿಕೆ. ಬಿಗಿದರೆ ತಂತಿ ತುಂಡಾಗುವ ಭಯವಿದೆ. ನಮ್ಮ ಸರಿಗಮದಲ್ಲಿ ಹೇಳಿದರೆ ಇದು ಸುಲಭವಾಗಿ ತಿಳಿಯುತ್ತದೆ.

ಮೊದಲನೆಯದು ಡ್ರಾಪ್ ಡಿ. ಅತಿ ದಪ್ಪ ತಂತಿಯೊಂದನ್ನು ಮಾತ್ರ ಇ ಯಿಂದ ಡಿ ಗೆ, ಎರಡು ಅರ್ಧ ಸ್ವರ, ಇಳಿಸಬೇಕು. ಡಿ ಶ್ರುತಿಯ ಹಾಡಿಗೆ ಗಂಭೀರವಾದ ಕೆಳಗಿನ ಷಡ್ಜ ಸಿಗುತ್ತದೆ.

ಎರಡನೆಯದು ಓಪನ್ ಜಿ: ಡಿ, ಜಿ, ಡಿ, ಜಿ, ಬಿ, ಡಿ. ಜಿ ಷಡ್ಜವಾದರೆ ಇದು ಪ, ಸ, ಪ, ಸ, ಗ, ಪ. ಬೆರಳು ಇಡದೆ ಮೀಟಿದರೂ ಜಿ ಮೇಜರ್ ಕೇಳುತ್ತದೆ.

ಮೂರನೆಯದು ಓಪನ್ ಡಿ: ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಅಂದರೆ ಸ, ಪ, ಸ, ಗ, ಪ, ಸ. ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಅಂಧ ಭಕ್ತಗಾಯಕರು ಈ ಶ್ರುತಿಯಲ್ಲಿ ತಂತಿಯ ಮೇಲೆ ಜಾರುಪಟ್ಟಿ ಎಳೆದು ನುಡಿಸಿದರು. ಪ್ರಭು ಯೇಸು ಗೆತ್ಸೆಮನಿಯಲ್ಲಿ ಕಳೆದ ರಾತ್ರಿಯ ಕುರಿತಾದ ಹಳೆಯ ಸ್ತೋತ್ರವೊಂದನ್ನು ಅವರು ಪದಗಳಿಲ್ಲದೆ ಬರೀ ಗುನುಗುತ್ತ ನುಡಿಸಿದ್ದಾರೆ. 1977ರಲ್ಲಿ ಹಾರಿಬಿಟ್ಟ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ತಟ್ಟೆಯಲ್ಲಿ ಆ ಧ್ವನಿಯೂ ಸೇರಿದೆ.

ನಾಲ್ಕನೆಯದು ಡಿ, ಎ, ಡಿ, ಜಿ, ಎ, ಡಿ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡೇವಿ ಗ್ರಹಾಂ ಇದನ್ನು ಬಳಕೆಗೆ ತಂದರು. ಸರಿಗಮದಲ್ಲಿ ಸ, ಪ, ಸ, ಮ, ಪ, ಸ. ಇದರಲ್ಲಿ ಗಾಂಧಾರವಿಲ್ಲ. ಮೇಜರ್ ಮೈನರ್ ಎಂಬ ಹಂಗಿಲ್ಲದ ಕಾರಣ ಅದು ತಂಬೂರಿಯಂತೆ ಮೊಳಗುತ್ತದೆ. ರಾಗದ ಧಾಟಿಯಲ್ಲಿರುವ ನಮ್ಮ ಕನ್ನಡ ಭಕ್ತಿಗೀತೆಗಳಿಗೆ, ತಪಸ್ಸುಕಾಲದ ಧ್ಯಾನಗೀತೆಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಈ ಎಲ್ಲ ಶ್ರುತಿಗಳಲ್ಲೂ ಕ್ಯಾಪೊ ಹಾಕಬಹುದು, ಆದುದರಿಂದ ಜನರ ಕಂಠಕ್ಕೆ ಹೊಂದಿಸಲು ಅಡ್ಡಿಯಿಲ್ಲ.

ಗಾನವೃಂದದ ಮಕ್ಕಳಿಗೆ ಕಿವಿಮಾತು

ಕ್ಯಾಪೊವನ್ನು ಎರಡು ಫ್ರೆಟ್ಟುಗಳ ನಡುಮಧ್ಯೆ ಹಾಕಬೇಡಿ, ಬೇಕಾದ ಫ್ರೆಟ್ಟಿನ ಹಿಂದೆಯೇ, ಅದಕ್ಕೆ ಒತ್ತಾಗಿ ಹಾಕಿರಿ. ಅತಿಯಾಗಿ ಬಿಗಿದರೆ ತಂತಿಗಳು ಶ್ರುತಿ ಮೀರುತ್ತವೆ. ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಿರಿ. ಶ್ರುತಿ ಮಾಡುವಾಗ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗಿಳಿಸಿ ಅಲ್ಲಿಂದ ಮೇಲೆ ತನ್ನಿರಿ, ಆಗ ಬಿರಡೆ ಜಾರುವುದಿಲ್ಲ. ಒಂದು ತಂತಿ ಬದಲಾದರೆ ಉಳಿದವೂ ಕೊಂಚ ಕದಲುತ್ತವೆ, ಆದ್ದರಿಂದ ಆರನ್ನೂ ಮರಳಿ ಪರೀಕ್ಷಿಸಿರಿ. ನಮ್ಮ ಮಲೆನಾಡಿನ ಆಷಾಢದ ಮಳೆಯಲ್ಲಿ ಮರ ತೇವ ಹೀರುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ ಚೀಲದಲ್ಲಿಡಿರಿ. ಪೂಜೆಯ ನಡುವೆ ಬಿರಡೆ ತಿರುಗಿಸುತ್ತ ಕೂರುವುದು ಬೇಡ, ಬೇರೆ ಶ್ರುತಿಯ ಹಾಡಿದ್ದರೆ ಮೊದಲೇ ಯೋಚಿಸಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಅಭ್ಯಾಸದ ದಿನ ಗಾನವೃಂದಕ್ಕೆ ಸೇರದ ಇಬ್ಬರು ಹಿರಿಯರನ್ನು ಕರೆದು ಹಾಡಿಸಿರಿ. ಅವರ ಗಂಟಲು ಎಲ್ಲಿ ನಿಲ್ಲುತ್ತದೆಯೋ ಅದನ್ನು ನೋಡಿ ಕ್ಯಾಪೊ ಹಾಕಿರಿ.

ಯಾರಿಗಾಗಿ ಹಾಡು?

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದಲ್ಲಿ ಆರ್ಗನ್ ವಾದ್ಯಕ್ಕೆ ಗೌರವದ ಸ್ಥಾನವಿದೆ. ಪವಿತ್ರ ಬಳಕೆಗೆ ಯೋಗ್ಯವಾದ ಬೇರೆ ವಾದ್ಯಗಳಿಗೂ, ಅಧಿಕಾರವುಳ್ಳವರ ಒಪ್ಪಿಗೆಯಿದ್ದರೆ, ಅವಕಾಶವಿದೆ. ಗಿಟಾರು ನಮ್ಮ ದೇವಾಲಯಗಳಿಗೆ ಬಂದದ್ದು ಆ ಬಾಗಿಲಿನಿಂದ. ಭಕ್ತಾದಿಗಳೆಲ್ಲರೂ ಹಾಡಿನಲ್ಲಿ ಪಾಲ್ಗೊಳ್ಳಬೇಕು ಎಂಬುದೂ ಅದೇ ಸಂವಿಧಾನದ ಆಶಯ. ಬಾಗಿಲನ್ನು ನೆನಪಿಟ್ಟು ಆಶಯವನ್ನು ಮರೆತರೆ ಪ್ರಯೋಜನವೇನು? ದೇಹದ ದುರ್ಬಲ ಅಂಗಗಳೇ ಹೆಚ್ಚು ಅಗತ್ಯವಾದವು ಎಂಬ ಸಂತ ಪೌಲರ ಬೋಧನೆ ಗಾನವೃಂದಕ್ಕೂ ಸಲ್ಲುತ್ತದೆ.

ಶ್ರುತಿ ಇಳಿಸಿದ ಮೊದಲ ವಾರ ನಮ್ಮಲ್ಲಿ ಎಲ್ಲರೂ ಸಂತೋಷಪಟ್ಟರೆಂದು ಹೇಳಲಾರೆ. ಹಾಡು ಮಂಕಾಯಿತೆಂದು ಗಾನವೃಂದದ ಇಬ್ಬರು ಮುನಿಸಿಕೊಂಡರು. ಅವರ ಮಾತಿನಲ್ಲೂ ನ್ಯಾಯವಿತ್ತು. ಎತ್ತರದ ಕಂಠವೂ ದೇವರ ವರದಾನವೇ. ಪರಮಪ್ರಸಾದದ ನಂತರದ ಧ್ಯಾನಗೀತೆಯನ್ನು ಅವರು ತಮ್ಮ ಶ್ರುತಿಯಲ್ಲಿ ಹಾಡಲಿ, ಜನರು ಹಾಡಬೇಕಾದ ಗೀತೆಗಳು ಜನರ ಶ್ರುತಿಯಲ್ಲಿರಲಿ ಎಂದು ತೀರ್ಮಾನಿಸಿದೆವು. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಹಿಂದಿನ ಬೆಂಚುಗಳಿಂದ ದನಿ ಕೇಳತೊಡಗಿತು. ಅಜ್ಜಿಯ ದನಿಯೂ ಅದರಲ್ಲಿತ್ತು.

ಆ ಅಜ್ಜಿ ಈಗಿಲ್ಲ. ಅವರ ಮರಣದ ಪೂಜೆಯ ದಿನ ನಾನು ಏನನ್ನೂ ಹೇಳದಿದ್ದರೂ ಆ ಹುಡುಗ ಕ್ಯಾಪೊ ತೆಗೆದು ಮೂರನೆಯ ಫ್ರೆಟ್ಟಿಗೆ ಹಾಕಿದ. ಅಂದು ದೇವಾಲಯದ ತುಂಬ ಜನ ಹಾಡಿದರು.

ಕುಟುಂಬದಲ್ಲಿ ಚಿಂತಿಸಲು:

1. ನಮ್ಮ ದೇವಾಲಯದಲ್ಲಿ ಹಾಡುವುದನ್ನು ನಿಲ್ಲಿಸಿದವರು ಯಾರು? ಏಕೆಂದು ಅವರನ್ನು ಕೇಳಿದ್ದೇವೆಯೇ?

2. ನಮ್ಮ ಮನೆಯ ಮಾತುಕತೆ, ಪ್ರಾರ್ಥನೆ ಯಾರ ಶ್ರುತಿಯಲ್ಲಿ ನಡೆಯುತ್ತದೆ? ಹಿರಿಯರೂ ಕಿರಿಯರೂ ಅದರಲ್ಲಿ ದನಿಗೂಡಿಸಬಲ್ಲರೇ?

3. ಈ ವಾರ ಯಾರಿಗಾಗಿ ನಾವು ನಮ್ಮ ಶ್ರುತಿಯನ್ನು ಸ್ವಲ್ಪ ಇಳಿಸಬಹುದು?